ಕೃಷಿ ಹೊಂಡದ ಮೀನು ಕೊಯ್ಯೋದು ಹೇಗೆ? ಮಣ್ಣಿನ ವಾಸನೆಗೆ ಏನು ಮಾಡಬೇಕು?

ಹೊಂಡದ ಹುಡುಗ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದಲ್ಲಿ ಕೃಷಿ ಹೊಂಡ ಇದೆ. ಹೋದ ಮಳೆಗಾಲದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಟ್ಟಿದ್ದೆವು. ಈಗ ಬೇಸಿಗೆ, ನೀರು ತಳ ಹತ್ತುತ್ತಿದೆ. ಮೀನು ಒಂದು ಕಿಲೋ ಆಸುಪಾಸು ಬಂದಿವೆ. ಮುಂದಿನ ವಾರ ಬಲೆ ಹಾಕಬೇಕು. ಅರ್ಧ ಮಾರಾಟಕ್ಕೆ, ಉಳಿದದ್ದು ಮನೆಗೆ ಮತ್ತೆ ಬೀಗರಿಗೆ.

ನಮ್ಮ ಮನೆಯಲ್ಲಿ ಮೀನು ತಿನ್ನುತ್ತೇವೆ, ಕೊಯ್ಯುವ ರೂಢಿ ಇಲ್ಲ. ಪೇಟೆಯಿಂದ ತಂದರೆ ಅಂಗಡಿಯವರೇ ತುಂಡು ಮಾಡಿ ಕೊಡುತ್ತಾರೆ. ಜೀವಂತ ಮೀನು ಕೈಗೆ ಬಂದ ಮೇಲೆ ಮೊದಲು ಏನು, ಆಮೇಲೆ ಏನು ಅಂತ ಯಾರಾದರೂ ಬಿಡಿಸಿ ಹೇಳಿ. ಇನ್ನೊಂದು ಮಾತು: ಪಕ್ಕದ ಹೊಲದವರ ಹೊಂಡದ ಮೀನು ತಿಂದಾಗ ಕೆಸರಿನ ವಾಸನೆ ಹೊಡೆಯುತ್ತಿತ್ತು. ಹತ್ತು ಸಲ ತೊಳೆದಿದ್ದರಂತೆ. ಅದಕ್ಕೆ ಉಪಾಯ ಇದೆಯಾ?

ಮಲ್ಪೆ ಬಂದರು

ಚೂರಿ ಹುಡುಕುವ ಮೊದಲು ಐಸ್ ಹುಡುಕಿ ಮಾರಾಯ್ರೆ. ಮೀನು ಎಷ್ಟು ತೂಕವೋ ಐಸ್ ಕೂಡ ಅಷ್ಟೇ ತೂಕ ಬೇಕು. ನಿಮ್ಮ ಕಡೆ ಬೇಸಿಗೆ ಬಿಸಿಲಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಒಂದು ಪದರ ಪುಡಿ ಐಸ್, ಒಂದು ಪದರ ಮೀನು, ಮೇಲೆ ಮತ್ತೆ ಐಸ್. ಡಬ್ಬಿಯ ತಳದಲ್ಲಿ ತೂತು ಇರಬೇಕು. ಕರಗಿದ ನೀರಿನಲ್ಲಿ ಮೀನು ನೆನೆಯುತ್ತಾ ಕೂತರೆ ರಕ್ತ, ಲೋಳೆ ಎಲ್ಲ ಅದರಲ್ಲೇ ಸೇರಿ ಮೈ ಬಿಳುಚಿಕೊಳ್ಳುತ್ತದೆ, ಮಾಂಸ ಮೆತ್ತಗಾಗುತ್ತದೆ.

ಬೋಟಿನವರು ತೊಳೆಯುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಐಸಿಗೆ ಕೆಡಿಸಿಕೊಳ್ಳುತ್ತಾರೆ. ಬಿಸಿಲಲ್ಲಿ ಎರಡು ಗಂಟೆ ಬಿದ್ದ ಮೀನಿಗೆ ಆಮೇಲೆ ನಿಂಬೆ, ಅರಿಶಿನ, ವಿನೆಗರ್ ಏನು ಸುರಿದರೂ ಪ್ರಯೋಜನ ಇಲ್ಲ.

ಶ್ರೀರಂಗಪಟ್ಟಣದವ

ಐಸ್ ವಿಷಯ ಸರಿ. ಆದರೆ ಇವರದು ಕಡಲ ಮೀನಲ್ಲ, ಗೆಂಡೆ ಜಾತಿ. ಕೊಯ್ಯುವ ಕ್ರಮ ನಾನು ಹೇಳುತ್ತೇನೆ. ನಮ್ಮ ಕಡೆ ಕಾವೇರಿ ಮೀನು, ಕೆರೆ ಮೀನು ಎರಡೂ ದಿನಾ ನೋಡುವವರು ನಾವು.

ಬಲೆಯಿಂದ ತೆಗೆದದ್ದನ್ನು ನೆಲದ ಮೇಲೆ ಒದ್ದಾಡಲು ಬಿಡಬೇಡಿ. ಒದ್ದಾಡಿದಷ್ಟೂ ಮಾಂಸ ಬೇಗ ಸಡಿಲ ಆಗುತ್ತದೆ, ಮೈಗೆ ಪೆಟ್ಟಾಗಿ ರಕ್ತ ಹೆಪ್ಪುಗಟ್ಟುತ್ತದೆ. ಒದ್ದೆ ಗೋಣಿ ಮೇಲೆ ಹಿಡಿದು, ಕಣ್ಣಿಗಿಂತ ಸ್ವಲ್ಪ ಹಿಂದೆ, ನೆತ್ತಿ ಮೇಲೆ ಗಟ್ಟಿ ಕಟ್ಟಿಗೆಯಿಂದ ಒಂದೇ ಏಟು. ತಕ್ಷಣ ಕಿವಿರಿನ ಮುಚ್ಚಳ ಎತ್ತಿ, ಒಳಗಿನ ಕೆಂಪು ಕಮಾನನ್ನು ಎರಡೂ ಕಡೆ ಕತ್ತರಿಸಿ ಬಕೆಟ್ ನೀರಿಗೆ ಬಿಡಿ. ಹತ್ತು ನಿಮಿಷದಲ್ಲಿ ರಕ್ತ ಇಳಿದುಹೋಗುತ್ತದೆ. ಆಮೇಲೆ ಐಸಿಗೆ. ಇಷ್ಟು ಹೊಲದಲ್ಲೇ ಆಗಬೇಕು. ಮಿಕ್ಕಿದ್ದನ್ನು ಮನೆಗೆ ಬಂದು ನಿಧಾನವಾಗಿ ಮಾಡಿ.

ಮೊದಲು ಹುರುಪೆ. ಬಾಲ ಹಿಡಿದು, ಬಾಲದಿಂದ ತಲೆ ಕಡೆಗೆ ಚಾಕುವಿನ ಬೆನ್ನಿನಿಂದ ಹೆರೆಯಿರಿ. ಅಗಲ ಟಬ್ಬಿನಲ್ಲಿ ನೀರು ತುಂಬಿ ಮೀನನ್ನು ಮುಳುಗಿಸಿಕೊಂಡು ಹೆರೆದರೆ ಹುರುಪೆ ಗೋಡೆಗೆ ಹಾರುವುದಿಲ್ಲ. ಹೊಟ್ಟೆಯ ಕೆಳಗೆ, ರೆಕ್ಕೆಯ ಬುಡದಲ್ಲಿ, ಕುತ್ತಿಗೆ ಹತ್ತಿರ ಉಳಿದೇ ಉಳಿಯುತ್ತವೆ. ಬೆರಳಾಡಿಸಿ ನೋಡಿ. ಆಮೇಲೆ ಕತ್ತರಿಯಲ್ಲಿ ರೆಕ್ಕೆ ತೆಗೆಯಿರಿ. ಸಾಮಾನ್ಯ ಗೆಂಡೆಯ ಬೆನ್ನಿನ ರೆಕ್ಕೆಯ ಮೊದಲ ಮುಳ್ಳಿಗೆ ಗರಗಸದ ಹಾಗೆ ಹಲ್ಲು ಇರುತ್ತದೆ, ಕೈ ಸೀಳುತ್ತದೆ. ಅದರಲ್ಲಿ ರೆಕ್ಕೆ ಮೊದಲು ತೆಗೆದು, ಹುರುಪೆ ಆಮೇಲೆ ನೋಡಿಕೊಳ್ಳಿ.

ಈಗ ಹೊಟ್ಟೆ. ಬಾಲದ ಕಡೆ ಇರುವ ಮಲದ್ವಾರದಿಂದ ಶುರು ಮಾಡಿ. ಚಾಕುವಿನ ಮೊನೆ ಮಾತ್ರ ಒಳಗೆ, ಅಲಗು ಆಚೆ ಮುಖ ಮಾಡಿರಲಿ. ತಲೆ ಕಡೆಗೆ ಚರ್ಮ ಸೀಳುತ್ತಾ ಹೋಗಿ. ಆಳಕ್ಕೆ ಇಳಿಸಿದಿರೋ, ಪಿತ್ತಕೋಶ ಒಡೆಯುತ್ತದೆ. ಅದು ಮುಂದಿನ ಭಾಗದಲ್ಲಿ, ಪಿತ್ತಜನಕಾಂಗ ಮತ್ತು ಕರುಳಿನ ಸುರುಳಿ ನಡುವೆ ಅಡಗಿರುತ್ತದೆ. ಕಡು ಹಸಿರು ಬಣ್ಣ, ತೆಳು ಚೀಲ. ಕೈ ಹಾಕಿ ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ. ಗಂಟಲ ಹತ್ತಿರ ಅನ್ನನಾಳ ಕತ್ತರಿಸಿ, ಗೊಂಚಲನ್ನು ಅಲ್ಲಿಂದ ಹಿಂದಕ್ಕೆ ಬಿಡಿಸಿಕೊಳ್ಳುತ್ತಾ ಬನ್ನಿ.

ಒಳಗೆ ಬಿಳಿ ಗಾಳಿಚೀಲ ಇರುತ್ತದೆ, ತೆಗೆಯಿರಿ. ಅದರ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡು ಕರಿಗೆಂಪು ಪಟ್ಟಿ ಕಾಣುತ್ತದೆ. ಅದು ಮೀನಿನ ಮೂತ್ರಪಿಂಡ, ಸುತ್ತ ರಕ್ತ. ಮೇಲಿನ ಪೊರೆಯನ್ನು ಚಾಕು ಮೊನೆಯಲ್ಲಿ ಸೀಳಿ, ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿದರೆ ಪೂರ್ತಿ ಬಿಡುತ್ತದೆ. ಹೊಟ್ಟೆಯ ಒಳಗೋಡೆಗೆ ತೆಳ್ಳಗೆ ಕಪ್ಪು ಪೊರೆ ಇದ್ದರೆ ಅದನ್ನೂ ಬಟ್ಟೆಯಿಂದ ಒರೆಸಿ ಎಳೆದುಬಿಡಿ. ಇವೆರಡನ್ನು ಬಿಟ್ಟು ಮೇಲೆ ಮೇಲೆ ಹತ್ತು ಸಲ ತೊಳೆಯುವವರು ಬೇಕಾದಷ್ಟು ಜನ.

ಹೊಂಡದ ಹುಡುಗ, ಹಾವೇರಿ

ಅಣ್ಣ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ದೊಡ್ಡ ಉಪಕಾರ. ತಲೆ ಬಗ್ಗೆ ಹೇಳಲಿಲ್ಲ. ನಮ್ಮಪ್ಪನಿಗೆ ಕಾಟ್ಲಾ ತಲೆ ಸಾರು ಅಂದ್ರೆ ಜೀವ. ಮತ್ತೆ ಆ ಪಿತ್ತ ಒಡೆದೇ ಹೋದರೆ ಮೀನು ಎಸೆಯಬೇಕಾ?

ಶ್ರೀರಂಗಪಟ್ಟಣದವ

ಎಸೆಯಬೇಕಿಲ್ಲ. ತಕ್ಷಣ ಧಾರೆ ನೀರು ಬಿಡಿ, ಹಸಿರು ತಾಗಿದ ಮಾಂಸವನ್ನು ಕೆತ್ತಿ ತೆಗೆಯಿರಿ. ಸುಮ್ನೆ ಬಿಟ್ಟರೆ ಇಡೀ ಸಾರು ಕಹಿ.

ತಲೆಗೆ: ಕಿವಿರು ಪೂರ್ತಿ ಕಿತ್ತು ಹಾಕಬೇಕು, ಒಂದು ಎಳೆಯೂ ಉಳಿಯಬಾರದು. ಗೆಂಡೆ ಜಾತಿಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇದೆ. ಕಿವಿರಿನ ಹಿಂದೆ ಬೆರಳು ಹಾಕಿದರೆ ಗಟ್ಟಿ ಮೂಳೆ ಸಿಗುತ್ತದೆ, ಅದನ್ನೂ ತೆಗೆಯಿರಿ. ತಿಂದದ್ದರ ಕಸ, ಕೆಸರು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಆಮೇಲೆ ತಲೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಅಪ್ಪಾಜಿಗೆ ಕಣ್ಣಿನ ಹಿಂದಿನ ಕೊಬ್ಬು ಬಿಡಲು ಹೇಳಬೇಡಿ!

ಮೀನುಗಾರಿಕೆ ಓದಿದವಳು

ಪಿತ್ತದ ಬಗ್ಗೆ ಒಂದು ಎಚ್ಚರಿಕೆ. ಕಹಿ ಮಾತ್ರ ಅಲ್ಲ, ಗೆಂಡೆ ಜಾತಿಯ ಪಿತ್ತ ವಿಷ. ರೋಹು, ಕಾಟ್ಲಾ, ಹುಲ್ಲುಗೆಂಡೆ ಎಲ್ಲಕ್ಕೂ ಈ ಮಾತು ಅನ್ವಯ. ಕಣ್ಣಿಗೆ ಒಳ್ಳೇದು, ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಹಸಿಯಾಗಿ ನುಂಗಿ, ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್‌ವರೆಗೆ ಹೋದವರ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಕೊಯ್ಯುವಾಗ ಚೂರು ತಾಗಿದ್ದನ್ನು ತೊಳೆದು ಕೆತ್ತಿದರೆ ಭಯ ಇಲ್ಲ. ಔಷಧಿ ಅಂತ ಮಾತ್ರ ಯಾರಿಗೂ ಕೊಡಬೇಡಿ. ಹಾಗೆ ಪಿತ್ತ ನುಂಗುವವರು ಯಾರಾದರೂ ಮನೆಯಲ್ಲಿದ್ದರೆ ಚೀಲವನ್ನು ಗುಂಡಿ ತೋಡಿ ಹೂತುಬಿಡಿ.

ಇನ್ನು ಮಣ್ಣಿನ ವಾಸನೆ. ಅದು ಮೈಮೇಲಿನ ಕೆಸರಲ್ಲ. ಹೊಂಡದ ನೀರು ಹಸಿರು ಕಟ್ಟಿದಾಗ ನೀಲಿ-ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾ ಜಿಯೋಸ್ಮಿನ್ ಅನ್ನುವ ವಸ್ತುವನ್ನು ಬಿಡುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಘಮಕ್ಕೂ ಇದೇ ಜಿಯೋಸ್ಮಿನ್ ಕಾರಣ. ಮೀನು ಅದನ್ನು ಕಿವಿರಿನ ಮೂಲಕ ಹೀರಿಕೊಳ್ಳುತ್ತದೆ, ಮೈಯ ಕೊಬ್ಬಿನಲ್ಲಿ ಸೇರಿಸಿಕೊಳ್ಳುತ್ತದೆ. ಮಾಂಸದ ಒಳಗಿರುವುದನ್ನು ಹೊರಗಿನಿಂದ ತೊಳೆದರೆ ಹೇಗೆ ಹೋದೀತು? ನಿಮ್ಮ ಪಕ್ಕದ ಹೊಲದವರು ಹತ್ತರ ಬದಲು ನೂರು ಸಲ ತೊಳೆದಿದ್ದರೂ ಅಷ್ಟೇ.

ಸರಿಯಾದ ಉಪಾಯ ಮೀನು ಜೀವಂತ ಇರುವಾಗಲೇ ಇದೆ. ಹಿಡಿದ ಮೀನನ್ನು ಸ್ವಚ್ಛ ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ ಮೂರು ನಾಲ್ಕು ದಿನ ಬಿಡಿ. ತಿನ್ನಲು ಏನೂ ಹಾಕಬೇಡಿ. ಸಣ್ಣ ಧಾರೆಯಲ್ಲಿ ಹೊಸ ನೀರು ಬೀಳುತ್ತಿರಲಿ, ಹಳೆಯದು ಹರಿದುಹೋಗಲಿ. ತೊಟ್ಟಿ ನೆರಳಲ್ಲಿರಬೇಕು. ಮೀನು ತಾನೇ ಆ ವಾಸನೆಯನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತದೆ. ಕರುಳೂ ಖಾಲಿಯಾಗಿರುತ್ತದೆ, ಹೊಟ್ಟೆ ಕೊಯ್ಯುವಾಗ ಗಲೀಜು ಕಡಿಮೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಮೀನು ಸತ್ತೀತು, ಜೋಕೆ.

ಮೂರನೇ ಮಹಡಿ, ಬೆಂಗಳೂರು

ನಾನು ಯಾವ ಮೀನು ತಂದರೂ ನಿಂಬೆಹಣ್ಣು, ಮೊಸರು, ಅರಿಶಿನ, ಕಲ್ಲುಪ್ಪು ಎಲ್ಲ ಹಾಕಿ ಅರ್ಧ ಗಂಟೆ ನೆನೆಸಿ, ಆರೇಳು ನೀರಿನಲ್ಲಿ ತೊಳೆಯುತ್ತೇನೆ ಗುರು. ವಾಸನೆ ಬರಲ್ಲ. ಇಷ್ಟೆಲ್ಲ ತೊಟ್ಟಿ ಗಿಟ್ಟಿ ಯಾಕೆ?

ಕುಂದಾಪ್ರದ ಅಕ್ಕ

ವಾಸನೆ ಮಾತ್ರ ಹೋಗುವುದಾ ತಮ್ಮಾ, ರುಚಿ ಹೋಗುವುದಿಲ್ವಾ? ಅರ್ಧ ಗಂಟೆ ಹುಳಿಯಲ್ಲಿ ಬಿದ್ದ ಕಾಣೆ ಮೀನು ಹೇಗಿರುತ್ತದೆ ಅಂತ ಒಮ್ಮೆ ಬೆರಳಲ್ಲಿ ಒತ್ತಿ ನೋಡಿ. ಅಂಚು ಬೆಳ್ಳಗಾಗಿ, ಅರ್ಧ ಬೆಂದ ಹಾಗೆ ಆಗಿ, ಎಣ್ಣೆಗೆ ಹಾಕಿದರೆ ಮುರಿದು ಬೀಳುತ್ತದೆ.

ನಮ್ಮಲ್ಲಿ ಕ್ರಮ ಏನಂದ್ರೆ, ತೊಳೆಯುವುದೆಲ್ಲ ಇಡೀ ಮೀನಿಗೆ. ತುಂಡು ಮಾಡಿದ ಮೇಲೆ ತೊಳೆಯುವುದು ಒಂದೇ ನೀರು, ಅದೂ ಬೇಗ. ಅಂಜಲ್ ಆದರೆ ಅದೂ ಇಲ್ಲ. ಇಡೀ ಮೀನನ್ನು ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಮೆಟ್ಟುಕತ್ತಿಯಲ್ಲಿ ತುಂಡು ಮಾಡಿ, ನಡುವಿನ ರಕ್ತದ ಚುಕ್ಕೆಯನ್ನು ಬೆರಳಲ್ಲಿ ತೆಗೆದು ಸೀದಾ ಮಸಾಲೆಗೆ. ಬಂಗುಡೆಗೆ ಕಿವಿರು, ಕರುಳು ತೆಗೆದು ಮೈಮೇಲೆ ಎರಡು ಮೂರು ಗೆರೆ ಹಾಕಿದರೆ ಸಾಕು. ಬೈಗೆಗೆ, ಅಂದರೆ ಬೂತಾಯಿಗೆ, ಚಾಕುವೇ ಬೇಡ. ಹಸಿ ಇದ್ದರೆ ನೀರಲ್ಲಿ ಕೈಯಾಡಿಸಿದರೇ ಹುರುಪೆ ಉದುರುತ್ತದೆ. ಬೊಳೆಂಜಿರ್‌ನಂಥ ಸಣ್ಣ ಮೀನಿಗೆ ಉಗುರಲ್ಲಿ ತಲೆ ಚಿವುಟಿ ಎಳೆದರೆ ಕರುಳೂ ಜೊತೆಗೇ ಬರುತ್ತದೆ.

ನಂಗು ಮೀನಿಗೆ ಮಾತ್ರ ಚರ್ಮವೇ ಸುಲಿಯಬೇಕು. ತಲೆ ಹತ್ತಿರ ಸಣ್ಣ ಗಾಯ ಮಾಡಿ, ಬೆರಳಿಗೆ ಉಪ್ಪೋ ಬೂದಿಯೋ ಹಚ್ಚಿಕೊಂಡು, ಚರ್ಮದ ತುದಿ ಹಿಡಿದು ಬಾಲದ ಕಡೆಗೆ ಎಳೆದರೆ ಒಂದೇ ಎಳೆತಕ್ಕೆ ಬರುತ್ತದೆ.

ಮೂರನೇ ಮಹಡಿ, ಬೆಂಗಳೂರು

ಅಕ್ಕ, ನಿಮಗೆ ಬೆಳಗ್ಗೆ ಹಿಡಿದದ್ದು ಮಧ್ಯಾಹ್ನ ಸಿಗುತ್ತದೆ. ನಮಗೆ ಲಾರಿಯಲ್ಲಿ ಬಂದ ಮೀನು. ತೊಳೆಯದೆ ತಿನ್ನಲು ಧೈರ್ಯ ಬರಲ್ಲ.

ಮೀನುಗಾರಿಕೆ ಓದಿದವಳು

ಇಬ್ಬರದೂ ಅರ್ಧ ಸರಿ. ಕಡಲ ಮೀನಿನ ವಾಸನೆಯೇ ಬೇರೆ. ಅದರ ಮಾಂಸದಲ್ಲಿ ಇರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಟ್ರೈಮಿಥೈಲ್ ಅಮೀನ್ ಆಗಿ ಮಾಡುತ್ತವೆ. ಮೂಗಿಗೆ ಹೊಡೆಯುವುದು ಅದು. ಕ್ಷಾರ ಆದ್ದರಿಂದ ನಿಂಬೆ, ಹುಣಸೆ, ಪುನರ್ಪುಳಿ ಏನೇ ಹುಳಿ ಹಾಕಿದರೂ ತಗ್ಗುತ್ತದೆ. ಸಾರಿಗೆ ಹುಳಿ ಹೇಗೂ ಹಾಕುತ್ತೀರಿ, ಬೇರೆ ನೆನೆಸುವುದು ಯಾಕೆ? ಹುರಿಯುವುದಾದರೆ ಮಸಾಲೆಯಲ್ಲೇ ನಿಂಬೆ ಹಿಂಡಿ, ಹತ್ತು ಹದಿನೈದು ನಿಮಿಷ ಸಾಕು. ಜಿಯೋಸ್ಮಿನ್ ಕೂಡ ಹುಳಿಗೆ ಸ್ವಲ್ಪ ಮಣಿಯುತ್ತದೆ. ಹಾಗಾಗಿ ಹೊಂಡದ ಮೀನಿಗೆ ಹುಣಸೆಹುಳಿ ಮುಂದಾದ ಸಾರೇ ಹೊಂದುತ್ತದೆ, ತೆಂಗಿನಹಾಲಿನ ಸಪ್ಪೆ ಪದಾರ್ಥ ಹೊಂದುವುದಿಲ್ಲ. ಹೊಟ್ಟೆಯ ಕೆಳಭಾಗದ ಕೊಬ್ಬಿನಲ್ಲಿ ವಾಸನೆ ಜಾಸ್ತಿ, ಬೇಕಾದರೆ ಆ ಅಂಚನ್ನು ಕತ್ತರಿಸಿ ಬಿಡಿ.

ಆದರೆ ಬೆಂಗಳೂರಿನವರಿಗೆ ಒಂದು ಮಾತು. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಇಂಥ ಮೀನು ತಂಪಿಲ್ಲದೆ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುವುದು, ತುರಿಕೆ, ತಲೆನೋವು. ಎಷ್ಟೋ ಜನ ತಮಗೆ ಮೀನು ಅಲರ್ಜಿ ಅಂದುಕೊಂಡು ಜೀವನಪರ್ಯಂತ ಬಿಟ್ಟುಬಿಡುತ್ತಾರೆ. ಈ ಹಿಸ್ಟಮಿನ್ ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿ ಇಟ್ಟರೂ ಹೋಗುವುದಿಲ್ಲ. ನಿಮ್ಮ ಆರೇಳು ನೀರು ಇಲ್ಲಿ ಸುಮ್ನೆ ಸಮಾಧಾನಕ್ಕೆ. ಕೊಳ್ಳುವಾಗಲೇ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಒತ್ತಿದ ಗುಳಿ ತಾನೇ ಮೇಲೆ ಏಳಬೇಕು.

ಮಲ್ಪೆ ಬಂದರು

ಅದನ್ನೇ ನಾನು ಮೊದಲ ಸಾಲಿನಲ್ಲಿ ಹೇಳಿದ್ದು. ಐಸ್, ಐಸ್, ಐಸ್.

ದುಬೈ ಮಂಗಳೂರಿಗ

ಇಲ್ಲಿ ಮಾರ್ಕೆಟ್ಟಿನಲ್ಲಿ ಅಂಜಲ್ ಕೊಂಡರೆ ಅಲ್ಲೇ ಸ್ವಚ್ಛ ಮಾಡಿಸಲು ಬೇರೆ ಕೌಂಟರ್ ಇದೆ, ಕಾಸು ಕೊಟ್ಟು ಮಾಡಿಸಿಕೊಳ್ಳುತ್ತೇವೆ. ಅವರು ತುಂಡು ಮಾಡಿದ ಮೇಲೆ ಪೈಪ್ ಹಿಡಿದು ರಭಸವಾಗಿ ನೀರು ಬಿಡುತ್ತಾರೆ. ನಾನು ಈಗ ಮೊದಲೇ ಹೇಳಿಬಿಡುತ್ತೇನೆ: ಇಡೀ ಮೀನು ತೊಳೆಯಿರಿ, ತುಂಡು ಹಾಗೇ ಕೊಡಿ. ಕುಂದಾಪ್ರದ ಅಕ್ಕ ಹೇಳಿದ್ದು ನೂರಕ್ಕೆ ನೂರು.

ತುಂಗಾ ತೀರ, ತೀರ್ಥಹಳ್ಳಿ

ಎಲ್ಲರೂ ಹುರುಪೆ ಇರುವ ಮೀನಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಗದ್ದೆ, ಹಳ್ಳದಲ್ಲಿ ಲೋಳೆ ಮೀನೇ ಜಾಸ್ತಿ. ಹಾವುಮೀನು, ಕೊರವ, ಚೇಳುಮೀನು. ಬರಿಗೈಯಲ್ಲಿ ಹಿಡಿದರೆ ಜಾರಿ ಅಂಗಳ ದಾಟುತ್ತದೆ.

ಇದಕ್ಕೆಲ್ಲ ಒಲೆ ಬೂದಿಯೇ ಗತಿ. ಜರಡಿ ಹಿಡಿದ ಬೂದಿಯನ್ನು ಮೀನಿನ ಮೇಲೆ ಸುರಿದು, ಒರಟು ಕಲ್ಲಿನ ಮೇಲೆ ಹಾಕಿ ಉಜ್ಜಿದರೆ ಲೋಳೆ ಬೂದಿಗೆ ಅಂಟಿ ಉರುಳೆ ಉರುಳೆಯಾಗಿ ಬರುತ್ತದೆ. ಮೈ ಕಪ್ಪಿನಿಂದ ಬೂದುಬಣ್ಣಕ್ಕೆ ತಿರುಗಿ, ಬೆರಳಿಗೆ ಕಿರ್ ಅನ್ನುವವರೆಗೆ ಉಜ್ಜಬೇಕು. ಪೇಟೆ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು ಅಂದರೆ, ಕಲ್ಲುಪ್ಪು ಮತ್ತು ಅಕ್ಕಿ ತೌಡು ಆಗುತ್ತದೆ. ಕೊರವಕ್ಕೆ ಹುರುಪೆಯೂ ಉಂಟು, ಬೂದಿ ಆದ ಮೇಲೆ ಹೆರೆಯಬೇಕು.

ಚೇಳುಮೀನಿಗೆ ಎದೆಯ ರೆಕ್ಕೆಯಲ್ಲಿ ಎರಡೂ ಕಡೆ ವಿಷದ ಮುಳ್ಳು ಇದೆ. ಸತ್ತ ಮೇಲೂ ಚುಚ್ಚುತ್ತದೆ. ಕೊಯ್ಯುವ ಮೊದಲು ಇಕ್ಕಳದಲ್ಲಿ ಆ ಮುಳ್ಳು ಮುರಿಯಿರಿ. ಚುಚ್ಚಿದರೆ ತಣ್ಣೀರು ಸುರಿಯಬೇಡಿ. ಕೈ ತಾಳುವಷ್ಟು ಬಿಸಿ ನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದ ಹಾಗೆ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಅದ್ದಿಡಿ. ಆ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ, ಟಿಟಿ ಹಾಕಿಸಿಕೊಳ್ಳಿ.

ಮೊದಲ ಮಳೆಗೆ ಹತ್ತುಮೀನು ಹಿಡಿಯುವವರು ಇಲ್ಲಿ ಯಾರಾದರೂ ಇದ್ದರೆ, ಅದರ ಬಗ್ಗೆ ನನ್ನ ಹತ್ತಿರ ಏನೂ ಕೇಳಬೇಡಿ. ಮೊಟ್ಟೆ ಇಡಲು ಹೊರಟ ಮೀನನ್ನು ದಾರಿಯಲ್ಲಿ ಬಡಿದು ತರುವವರಿಗೆ ಕೊಯ್ಯುವ ಪಾಠ ಬೇರೆ ಕೇಡು.

ಕಾರವಾರ ಕಡಲು

ಚೇಳುಮೀನಿನ ಬಿಸಿನೀರಿನ ಮಾತು ಕಡಲ ತೊರಕೆ ಮೀನಿಗೂ (ಸ್ಟಿಂಗ್ ರೇ) ಸರಿ. ಬಾಲದ ಮುಳ್ಳು ತಾಗಿದರೆ ಅದೇ ಚಿಕಿತ್ಸೆ. ತೊರಕೆ ಸ್ವಚ್ಛ ಮಾಡುವಾಗ ಹಿಡಿದ ತಕ್ಷಣ ರಕ್ತ ಬಿಡಿಸದಿದ್ದರೆ ಅಮೋನಿಯಾ ವಾಸನೆ ಬರುತ್ತದೆ, ಅದರ ರಕ್ತ ಮಾಂಸದಲ್ಲೆಲ್ಲ ಯೂರಿಯಾ ಇರುವುದರಿಂದ. ಕುದಿನೀರು ಹೊಯ್ದು ಚರ್ಮ ಕೆರೆಯುತ್ತೇವೆ. ಮಳೆಗಾಲ ಬಂತು ಅಂದ್ರೆ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ. ಆಗ ನಾವೂ ನಿಮ್ಮ ಕೆರೆ ಮೀನನ್ನೇ ನೋಡುವವರು. ಹಾಗಾಗಿ ಈ ಚರ್ಚೆ ನನಗೂ ಉಪಯೋಗ.

ಹೊಂಡದ ಹುಡುಗ, ಹಾವೇರಿ

ತೊಟ್ಟಿ ಇದೆ, ಬೋರ್ ಇದೆ. ಬಲೆಯನ್ನು ಮೂರು ದಿನ ಮುಂಚೆಯೇ ಹಾಕುತ್ತೇವೆ. ಇನ್ನೆರಡು ಪ್ರಶ್ನೆ. ರೋಹುವಿನಲ್ಲಿ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಕೊಡಲು ಹೆದರಿಕೆ. ಮತ್ತೆ ಇಷ್ಟು ಕಸ ಏನು ಮಾಡಲಿ? ಊರ ನಾಯಿಗಳೆಲ್ಲ ಹೊಲಕ್ಕೆ ಬರುತ್ತವೆ.

ಶ್ರೀರಂಗಪಟ್ಟಣದವ

ಆ ಮುಳ್ಳುಗಳು ಬೆನ್ನುಮೂಳೆಗೆ ಅಂಟಿಲ್ಲ, ಮಾಂಸದ ಒಳಗೇ ಕವಲು ಕಡ್ಡಿಯ ಆಕಾರದಲ್ಲಿ ಹುದುಗಿರುತ್ತವೆ. ಕಿತ್ತು ಮುಗಿಯುವಂಥದ್ದಲ್ಲ. ಬೆನ್ನುಮೂಳೆಯಿಂದ ಎರಡು ಪಕ್ಕ ಬಿಡಿಸಿ, ಚರ್ಮ ಕೆಳಗೆ ಮಾಡಿ ಇಡಿ. ಹರಿತ ಚಾಕುವಿನಿಂದ ಅಡ್ಡಡ್ಡ ಗೆರೆ ಎಳೆಯಿರಿ. ಗೆರೆಯಿಂದ ಗೆರೆಗೆ ಮೂರು ನಾಲ್ಕು ಮಿಲಿಮೀಟರ್ ಅಂತರ, ಆಳ ಚರ್ಮ ಮುಟ್ಟುವವರೆಗೆ, ಚರ್ಮ ಕತ್ತರಿಸಬಾರದು. ಮುಳ್ಳು ತುಂಡಾಗುವ ಸದ್ದು ಕೈಗೇ ತಿಳಿಯುತ್ತದೆ. ಹೀಗೆ ಮಾಡಿ ಕಾದ ಎಣ್ಣೆಯಲ್ಲಿ ಗರಿಗರಿ ಹುರಿದರೆ ಚೂರು ಮುಳ್ಳು ಮಾಂಸದ ಜೊತೆಗೇ ಅಗಿಯಲು ಸಿಗುತ್ತದೆ. ತೀರ ಚಿಕ್ಕ ಮಕ್ಕಳಿಗಾದರೆ ಹೊಟ್ಟೆಯ ಭಾಗ ಕೊಡಿ. ಅಲ್ಲಿ ಪಕ್ಕೆಲುಬಿನ ದೊಡ್ಡ ಮುಳ್ಳು ಮಾತ್ರ, ಕಣ್ಣಿಗೆ ಕಾಣುತ್ತದೆ, ತೆಗೆದು ಕೊಡಬಹುದು.

ಕುಂದಾಪ್ರದ ಅಕ್ಕ

ಕಸ ಅಂತೀರಲ್ಲ ತಮ್ಮಾ, ಅದು ಬಂಗಾರ. ತೊಳೆದ ನೀರು ಕರಿಬೇವಿನ ಬುಡಕ್ಕೆ, ಕರುಳು ಕಿವಿರು ತೆಂಗಿನ ಬುಡಕ್ಕೆ. ಒಂದೂವರೆ ಎರಡಡಿ ಆಳ ಗುಂಡಿ ತೋಡಿ ಹಾಕಿ, ಮೇಲೆ ಸುಣ್ಣವೋ ಬೂದಿಯೋ ಎರಚಿ, ಮಣ್ಣು ಮುಚ್ಚಿ ಕಲ್ಲು ಹೇರಿ. ನಾಯಿ ಬರುವುದಿಲ್ಲ.

ಹೊಂಡದ ಹುಡುಗ, ಹಾವೇರಿ

ಇಲ್ಲಿ ಸಾವಯವ ಮಾಡುವ ಗೆಳೆಯನೊಬ್ಬ ಮೀನಿನ ಕಸಕ್ಕೆ ಸಮತೂಕ ಬೆಲ್ಲ ಹಾಕಿ ಡ್ರಮ್ಮಿನಲ್ಲಿ ಕೊಳೆಯಿಸಿ, ಸೋಸಿ, ನೀರಿಗೆ ಬೆರೆಸಿ ಬೆಳೆಗೆ ಸಿಂಪಡಿಸುತ್ತಾನೆ. ಅವನಿಗೇ ಸ್ವಲ್ಪ ಕೊಡುತ್ತೇನೆ. ಉಳಿದದ್ದು ತೆಂಗಿಗೆ.

ಮೂರನೇ ಮಹಡಿ, ಬೆಂಗಳೂರು

ತೆಂಗಿನಮರ ಇಲ್ಲದವರ ಕಥೆ ಹೇಳಿ! ನಮ್ಮ ಸಿಂಕಿನ ಪೈಪಿನಲ್ಲಿ ಹುರುಪೆ ಸಿಕ್ಕಿಕೊಂಡು ಕೆಳಗಿನ ಮನೆಯವರು ಜಗಳಕ್ಕೆ ಬಂದಿದ್ದರು.

ಕಾರವಾರ ಕಡಲು

ಸಿಂಕಿಗೆ ಹುರುಪೆ ಬಿಡಲೇಬೇಡಿ. ಹಳೆ ಪೇಪರ್ ಹಾಸಿ ಅದರ ಮೇಲೆ ಕೊಯ್ದು, ಸುತ್ತಿ, ಕವರಿನಲ್ಲಿ ಹಾಕಿ ಕಸದ ಗಾಡಿ ಬರುವವರೆಗೆ ಫ್ರೀಜರಿನಲ್ಲಿ ಇಡಿ. ಕೈ ವಾಸನೆಗೆ, ಕೊಯ್ಯುವ ಮೊದಲೇ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಆಮೇಲೆ ಹುಣಸೆಹಣ್ಣಿನಲ್ಲಿ ಉಜ್ಜಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿ ನೀರು, ಸೋಪು ಕಡೆಗೆ.

ಹೊಂಡದ ಹುಡುಗ, ಹಾವೇರಿ

ಕೊನೆಯದೊಂದು. ಗೆಂಡೆಯ ಹೊಟ್ಟೆ ಉಬ್ಬಿದೆ, ಮೊಟ್ಟೆ ಇರಬಹುದು ಅಂತ ಅಮ್ಮ ಹೇಳುತ್ತಿದ್ದಾರೆ. ಅದನ್ನು ತಿನ್ನಬಹುದಾ?

ಕುಂದಾಪ್ರದ ಅಕ್ಕ

ಧಾರಾಳವಾಗಿ. ಎರಡು ಉದ್ದ ಚೀಲ ಇರುತ್ತದೆ, ಪೊರೆ ಹರಿಯದ ಹಾಗೆ ಬಿಡಿಸಿ. ಮೇಲಿನ ರಕ್ತನಾಳವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ರಕ್ತ ಹೊರಗೆ ಹಾಕಿ, ಒಮ್ಮೆ ಮಾತ್ರ ನೀರಲ್ಲಿ ಅದ್ದಿ ತೆಗೆಯಿರಿ. ಸೀದಾ ಎಣ್ಣೆಗೆ ಹಾಕಿದರೆ ಪಟಪಟ ಸಿಡಿಯುತ್ತದೆ. ಮೊದಲು ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಗಟ್ಟಿಯಾಗುವವರೆಗೆ ಬೇಯಿಸಿ, ಆರಿದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿಯಿರಿ. ಪಿತ್ತ ತಾಗಿದ್ದರೆ ಮಾತ್ರ ಬೇಡ.